ಕೈಲಾಸಕ್ಕೆ ಎಷ್ಟು ದಿನದ ರಜೆ?

ಪಾರ್ಸಿಪನಿಯ ಕನ್ನಡಿಗರ ಮನೆಗಳಲ್ಲಿ ಕೈಲಾಸ ಮಾನಸ ಸರೋವರದ ಮಾತು ಮತ್ತೆ ಕೇಳಿಬರುತ್ತಿದೆ. 2020ರಿಂದ ನಿಂತೇ ಹೋಗಿದ್ದ ಭಾರತ ಸರ್ಕಾರದ ಯಾತ್ರೆ 2025ರ ಜೂನ್‌ನಲ್ಲಿ ಪುನಃ ಹೊರಟಿತು. ಅದರ ಬೆನ್ನಿಗೇ 2026 ಟಿಬೆಟ್ಟಿನ ಪಂಚಾಂಗದ ಪ್ರಕಾರ ಕುದುರೆ ವರ್ಷ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಈ ವರ್ಷದಲ್ಲಿ ಕೈಲಾಸಕ್ಕೆ ಹಾಕಿದ ಒಂದು ಸುತ್ತಿಗೆ ಹದಿಮೂರು ಸುತ್ತಿನ ಫಲ ಎಂದು ಅಲ್ಲಿಯವರು ನಂಬುತ್ತಾರೆ. ಲೇಕ್ ಹಿಯಾವಾಥಾದ ಒಂದು ಮನೆ, ಮಾಂಟ್‌ವಿಲ್‌ನ ಒಂದು ಮನೆ, ರೂಟ್ 46ರ ಆಚೆಗಿನ ಇನ್ನೆರಡು ಮನೆ ಸೇರಿದರೆ ಏಳೆಂಟು ಜನರ ಗುಂಪು ಕಟ್ಟುವುದು ಕಷ್ಟವಲ್ಲ. ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೂ ಆಸೆ ಇರುತ್ತದೆ. ಗುಂಪು ಕಟ್ಟಿದವರು ಮೊದಲು ಕೇಳುವುದು ಖರ್ಚೆಷ್ಟು ಅಂತ, ಆಮೇಲೆ ಚಳಿ ಎಷ್ಟು ಅಂತ. ಆಫೀಸಿನ ರಜೆ ಎರಡು ವಾರ ಎಂಬುದನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಆ ಎರಡು ವಾರದ ಮೇಲೆಯೇ ನನಗೆ ತಕರಾರಿರುವುದು.

ಲೆಕ್ಕ ಹಾಕಿ ನೋಡಿ. ಎರಡು ವಾರದ ರಜೆಗೆ ಹಿಂದುಮುಂದಿನ ಶನಿವಾರ ಭಾನುವಾರ ಸೇರಿಸಿದರೆ 16 ದಿನ. ನ್ಯೂವಾರ್ಕ್‌ನಿಂದ ಕಠ್ಮಂಡುವಿಗೆ ನೇರ ವಿಮಾನವಿಲ್ಲ. ಹೋಗಿ ಬರುವುದರಲ್ಲೇ ನಾಲ್ಕು ದಿನ ಕಳೆಯುತ್ತದೆ. ಚೀನಾದ ಗುಂಪು ವೀಸಾಕ್ಕಾಗಿ ಮೂಲ ಪಾಸ್‌ಪೋರ್ಟುಗಳನ್ನು ಕಠ್ಮಂಡುವಿನ ರಾಯಭಾರ ಕಚೇರಿಗೆ ಒಪ್ಪಿಸಿ ಕಾಯಬೇಕು. ನಡುವೆ ಶನಿವಾರ ಭಾನುವಾರ ಬಂದರೆ ಅದೂ ನಾಲ್ಕು ದಿನ. ಟಿಬೆಟ್ಟಿಗೆ ಉಳಿಯುವುದು ಎಂಟೇ ದಿನ. ಆ ಎಂಟರಲ್ಲಿ ಪರಿಕ್ರಮಕ್ಕೆ ಮೂರು, ಹಿಂದಿರುಗುವ ದಾರಿಗೆ ಎರಡು ಮೂರು ತೆಗೆದಿಟ್ಟರೆ, ಸಮುದ್ರಮಟ್ಟದಲ್ಲಿ ಬದುಕುವ ನಮ್ಮ ದೇಹ ನಾಲ್ಕೂವರೆ ಸಾವಿರ ಮೀಟರ್ ಎತ್ತರಕ್ಕೆ ಒಗ್ಗಿಕೊಳ್ಳಲು ಎರಡೋ ಮೂರೋ ದಿನ ಸಿಕ್ಕರೆ ಹೆಚ್ಚು.

ದೇಹಕ್ಕೆ ಅದು ಸಾಲುವುದಿಲ್ಲ. ಮಾನಸ ಸರೋವರ ಇರುವುದು ಸುಮಾರು 4,590 ಮೀಟರ್ ಎತ್ತರದಲ್ಲಿ. ಕೈಲಾಸದ ಸುತ್ತಿನ 52 ಕಿಲೋಮೀಟರ್ ದಾರಿಯಲ್ಲಿ ಡೋಲ್ಮಾ ಲಾ ಕಣಿವೆ ಸುಮಾರು 5,630 ಮೀಟರ್. ಅಲ್ಲಿ ಒಂದು ಉಸಿರಿಗೆ ಒಳಗೆ ಹೋಗುವ ಆಮ್ಲಜನಕ ಪಾರ್ಸಿಪನಿಯಲ್ಲಿ ಸಿಗುವುದರ ಅರ್ಧದಷ್ಟು. ಇಡೀ ನ್ಯೂಜೆರ್ಸಿಯ ಅತಿ ಎತ್ತರದ ಜಾಗ, ಹೈ ಪಾಯಿಂಟ್, 1,803 ಅಡಿ, ಅಂದರೆ 550 ಮೀಟರ್. ಪರ್ವತ ವೈದ್ಯರು ಹೇಳುವ ಸೂತ್ರ ಸರಳವಾಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಒಂದು ದಿನ ನಿಲ್ಲಿ. ಹಗಲು ಎಷ್ಟು ಹತ್ತಿ ಇಳಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ.

ಈ ಸೂತ್ರವನ್ನು ಕೈಯಲ್ಲಿ ಹಿಡಿದು ದಾರಿಗಳನ್ನು ನೋಡಬೇಕು. ಕಠ್ಮಂಡುವಿನಿಂದ ರಸ್ತೆಯಲ್ಲಿ ರಸುವಾಗಢಿ ಗಡಿ ದಾಟಿದರೆ ಕ್ಯಿರೋಂಗ್ ಊರು, ಸುಮಾರು 2,800 ಮೀಟರ್. ಮರುದಿನ ಬಸ್ಸು ಹೊರಟು ಸಂಜೆಗೆ ಸಾಗಾ ಸೇರುತ್ತದೆ. ಅದು ನಾಲ್ಕೂವರೆ ಸಾವಿರ ಮೀಟರ್. ಒಂದೇ ಹಗಲಿನಲ್ಲಿ 1,700 ಮೀಟರ್ ಏರಿಕೆ, ಅದೂ ಸೀಟಿನಲ್ಲಿ ಕೂತು. ಬಸ್ಸಿನಲ್ಲಿ ಏನೂ ಅನಿಸುವುದಿಲ್ಲ. ರಾತ್ರಿ ಹತ್ತರ ಹೊತ್ತಿಗೆ ತಲೆ ಸಿಡಿಯಲು ಶುರುವಾಗುತ್ತದೆ, ಊಟ ಬೇಡವಾಗುತ್ತದೆ, ನಿದ್ದೆ ಹತ್ತದು. ಈ ದಾರಿಯನ್ನೇ ಹಿಡಿಯುವುದಾದರೆ ಕ್ಯಿರೋಂಗ್‌ನಲ್ಲಿ ಎರಡು ರಾತ್ರಿ, ಸಾಗಾದಲ್ಲಿ ಎರಡು ರಾತ್ರಿ, ಸರೋವರದ ದಡದಲ್ಲಿ ಎರಡು ರಾತ್ರಿ ಕಡ್ಡಾಯ ಎಂದು ಏಜೆನ್ಸಿಯ ಜೊತೆ ಕರಾರು ಮಾಡಿಕೊಳ್ಳಿ. ಎರಡನೆಯದು ಹಿಲ್ಸಾ ದಾರಿ: ನೇಪಾಳ್‌ಗಂಜ್‌ನಿಂದ ಚಿಕ್ಕ ವಿಮಾನದಲ್ಲಿ ಸಿಮಿಕೋಟ್, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಹಿಲ್ಸಾ, ಸೇತುವೆ ದಾಟಿದರೆ ತಕ್ಲಾಕೋಟ್. ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿ ಇದು, ಆದರೆ ಮೋಡ ಕವಿದರೆ ಎಲ್ಲಾ ನಿಲ್ಲುತ್ತದೆ. ಮೂರನೆಯದು ಲಾಸಾ ಕಡೆಯಿಂದ. ಲಾಸಾ 3,650 ಮೀಟರ್, ಶಿಗಾಟ್ಸೆ 3,840. ಅಲ್ಲಿಂದ ಸಾಗಾ ಮೂಲಕ ಕೈಲಾಸದ ಬುಡದ ದಾರ್ಚೆನ್‌ಗೆ, ಲಾಸಾದಿಂದ ಒಟ್ಟು ಸಾವಿರದ ಇನ್ನೂರು ಕಿಲೋಮೀಟರ್ ಮೇಲೆ. ಎಲ್ಲಕ್ಕಿಂತ ಉದ್ದದ, ಎಲ್ಲಕ್ಕಿಂತ ದುಬಾರಿ ದಾರಿ. ಲಾಸಾದಲ್ಲಿ ಇಳಿದ ಮೊದಲ ದಿನ ಅಲ್ಲೂ ತಲೆ ಭಾರವಾಗುತ್ತದೆ. ಆದರೆ ಅಲ್ಲಿ ಮೂರು ದಿನ ನಿಧಾನವಾಗಿ ಓಡಾಡಿಕೊಂಡಿದ್ದು, ದೇವಾಲಯ, ಮಠ ನೋಡಿಕೊಂಡು, ಆಮೇಲೆ ಪಶ್ಚಿಮಕ್ಕೆ ಹೊರಟವರು ಸರೋವರ ತಲುಪುವಾಗ ಊಟ ಮಾಡುವ ಸ್ಥಿತಿಯಲ್ಲಿರುತ್ತಾರೆ. ಅಮೆರಿಕದ ಪಾಸ್‌ಪೋರ್ಟಿನವರೇ ಇರುವ ಗುಂಪಾದರೆ ಲಾಸಾ ದಾರಿಯನ್ನೇ ಹಿಡಿಯಿರಿ ಎನ್ನುತ್ತೇನೆ.

ಪಾಸ್‌ಪೋರ್ಟಿನ ವಿಚಾರ ಇಲ್ಲಿಯವರಿಗೆ ಬಹಳ ತೊಡಕಿನದು. ಎಂಟು ಜನರ ಗುಂಪಿನವರು ಒಂದು ಭಾನುವಾರ ಸೇರಿ ತಂತಮ್ಮ ಪಾಸ್‌ಪೋರ್ಟುಗಳನ್ನು ಊಟದ ಮೇಜಿನ ಮೇಲಿಟ್ಟರೆ ಅಲ್ಲೇ ನಾಲ್ಕು ಗುಂಪಾಗುತ್ತದೆ. ಗಂಡ ಅಮೆರಿಕದ ಪೌರ, ಕೈಯಲ್ಲಿ ಓಸಿಐ ಕಾರ್ಡು. ಹೆಂಡತಿಯದು ಭಾರತದ ಪಾಸ್‌ಪೋರ್ಟು, ಗ್ರೀನ್ ಕಾರ್ಡು. ಜೊತೆಯ ಇನ್ನೊಂದು ದಂಪತಿ ಎಚ್-1ಬಿ. ವೀಸಾ ಸ್ಟ್ಯಾಂಪಿನ ಅವಧಿ ಮುಗಿದು ಎರಡು ವರ್ಷವಾಗಿದೆ. ಶಿವಮೊಗ್ಗದಿಂದ ಬಂದ ಅತ್ತೆ ಮಾವ ವಿಸಿಟರ್ ವೀಸಾದಲ್ಲಿದ್ದಾರೆ.

ಭಾರತ ಸರ್ಕಾರದ ಯಾತ್ರೆ ಭಾರತದ ಪೌರರಿಗೆ ಮಾತ್ರ. ಓಸಿಐ ಇದ್ದವರು ಅರ್ಜಿ ಹಾಕುವಂತಿಲ್ಲ. ವಯಸ್ಸು 18ರಿಂದ 70, ಬಿಎಂಐ 25ರೊಳಗೆ, ದೆಹಲಿಯಲ್ಲಿ ವೈದ್ಯಕೀಯ ಪರೀಕ್ಷೆ. 1981ರಿಂದ ಇರುವ ಲಿಪುಲೇಖ್ ದಾರಿ ಒಂದು, 2015ರಲ್ಲಿ ತೆರೆದ ನಾಥೂ ಲಾ ದಾರಿ ಇನ್ನೊಂದು. 2025ರಲ್ಲಿ ಎರಡೂ ಸೇರಿ 750 ಯಾತ್ರಿಗಳಿಗೆ ಅವಕಾಶ ಕೊಟ್ಟರು. ಆಯ್ಕೆ ಕಂಪ್ಯೂಟರ್ ಲಾಟರಿಯಿಂದ. ಅತ್ತೆ ಮಾವನಿಗೆ ಆರೋಗ್ಯ ಗಟ್ಟಿಯಿದ್ದರೆ, ಮಕ್ಕಳ ಜೊತೆಗೇ ಹೋಗಬೇಕೆಂಬ ಹಟ ಇಲ್ಲದಿದ್ದರೆ, ನನ್ನ ಮಟ್ಟಿಗೆ ಅವರಿಗೆ ಇದೇ ಒಳ್ಳೆಯ ದಾರಿ. ಜೊತೆಗೆ ವೈದ್ಯರಿರುತ್ತಾರೆ, ದಾರಿಯಲ್ಲೇ ಮತ್ತೆ ತಪಾಸಣೆ ಮಾಡುತ್ತಾರೆ, ಆಗದವರನ್ನು ಮುಲಾಜಿಲ್ಲದೆ ಹಿಂದಕ್ಕೆ ಕಳಿಸುತ್ತಾರೆ. ಖಾಸಗಿ ಏಜೆನ್ಸಿಗೆ ಹಾಗೆ ಹಿಂದಕ್ಕೆ ಕಳಿಸುವ ಧೈರ್ಯ ಎಷ್ಟಿರುತ್ತದೆ ಎಂದು ಯೋಚಿಸಿ.

ಖಾಸಗಿಯಾಗಿ ಹೋಗುವಾಗ ಅಮೆರಿಕದ ಪಾಸ್‌ಪೋರ್ಟಿಗೂ ಭಾರತದ ಪಾಸ್‌ಪೋರ್ಟಿಗೂ ಕಾಗದಪತ್ರದ ದಾರಿ ಬೇರೆ. 2023ರಲ್ಲಿ ವಿದೇಶೀಯರಿಗೆ ಟಿಬೆಟ್ ತೆರೆದಾಗ ಅಮೆರಿಕದ ಪಾಸ್‌ಪೋರ್ಟಿನವರು ಹೋಗಿಬಂದರು. ಭಾರತದ ಪಾಸ್‌ಪೋರ್ಟಿನವರು 2025ರವರೆಗೆ ಕಾಯಬೇಕಾಯಿತು. ಒಂದೇ ಮನೆಯ ಗಂಡ ಹೆಂಡತಿಗೆ ಬೇರೆ ಬೇರೆ ದಿನಾಂಕ, ಬೇರೆ ಬೇರೆ ಬಸ್ಸು ಬರಬಹುದು. ಆದ್ದರಿಂದ ದುಡ್ಡು ಕಟ್ಟುವ ಮೊದಲು ಪ್ರತಿಯೊಬ್ಬರ ಪಾಸ್‌ಪೋರ್ಟು ಯಾವುದೆಂದು ಬರೆದುಕೊಟ್ಟು, ಆ ವರ್ಷ ಯಾರಿಗೆ ಯಾವ ಗಡಿ ತೆರೆದಿದೆ ಎಂದು ಲಿಖಿತವಾಗಿ ತರಿಸಿಕೊಳ್ಳಿ. ಎಚ್-1ಬಿಯವರಿಗೆ ಹಿಂದಿರುಗುವಾಗ ಸ್ಟ್ಯಾಂಪಿಂಗ್ ತಲೆನೋವು ಬೇರೆ. ಅದರ ಅನಿಶ್ಚಿತತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಡೋಲ್ಮಾ ಲಾ ಹತ್ತಬೇಕೇ ಎಂದು ಅವರೇ ನಿರ್ಧರಿಸಬೇಕು. ಗ್ರೀನ್ ಕಾರ್ಡ್ ಬಂದ ಮೇಲೂ ಕೈಲಾಸ ಅಲ್ಲೇ ಇರುತ್ತದೆ.

ಟಿಬೆಟ್ಟಿನಲ್ಲಿ ವಿದೇಶೀಯರು ತಾವಾಗಿ ತಿರುಗಾಡುವಂತಿಲ್ಲ. ಒಪ್ಪಿಗೆ ಪಡೆದ ಏಜೆನ್ಸಿ, ಗೈಡ್, ವಾಹನ ಇರಲೇಬೇಕು. ವೀಸಾದ ಜೊತೆಗೆ ಲಾಸಾದಿಂದ ಬರುವ ಟಿಬೆಟ್ ಪ್ರವೇಶ ಪರ್ಮಿಟ್, ಕೈಲಾಸವಿರುವ ಙಾರಿ ಪ್ರಾಂತ್ಯಕ್ಕೆ ಪೊಲೀಸ್ ಪರ್ಮಿಟ್, ಮಿಲಿಟರಿ ಪರ್ಮಿಟ್. ಎಲ್ಲವನ್ನೂ ಏಜೆನ್ಸಿಯೇ ಮಾಡಿಸುತ್ತದೆ. ನಾವು ಗಮನಿಸಬೇಕಾದದ್ದು ನೇಪಾಳದ ಕಡೆಯಿಂದ ಹೋಗುವವರ ಗುಂಪು ವೀಸಾ. ಅದು ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಅಲ್ಲ. ಎಲ್ಲರ ಹೆಸರೂ ಸಾಲಾಗಿ ಅಚ್ಚಾದ ಒಂದು ಹಾಳೆ. ಆ ಹಾಳೆಯಲ್ಲಿರುವವರು ಒಟ್ಟಿಗೆ ಒಳಹೋಗಿ ಒಟ್ಟಿಗೆ ಹೊರಬರಬೇಕು. ಯಾರಿಗಾದರೂ ಹುಷಾರು ತಪ್ಪಿ ಮೊದಲೇ ಇಳಿಯಬೇಕಾದರೆ ಹೆಸರು ಬೇರ್ಪಡಿಸಲು ಅರ್ಜಿ, ದುಡ್ಡು, ದಿನ ಎಲ್ಲಾ ಬೇಕು. ಅಂಥ ಹೊತ್ತಿನಲ್ಲಿ ಒಂದೊಂದು ಗಂಟೆಯೂ ಮುಖ್ಯ. ಎಂಟು ಜನರಿದ್ದರೆ ನಾಲ್ಕು ನಾಲ್ಕು ಹೆಸರಿನ ಎರಡು ಹಾಳೆ ಮಾಡಿಸಲು ಆಗುತ್ತದೆಯೇ ಎಂದು ಕಠ್ಮಂಡುವಿನಲ್ಲೇ ಕೇಳಿ; ಹೆಚ್ಚಿನ ದುಡ್ಡು ಕೇಳಿದರೂ ಕೊಡಿ. ಪಾಸ್‌ಪೋರ್ಟಿನಲ್ಲಿ ಹಳೆಯ ಚೀನಾ ವೀಸಾ ಇದ್ದರೆ ಗುಂಪು ವೀಸಾ ಬಂದಾಗ ಅದು ರದ್ದಾದದ್ದುಂಟು. ಕಂಪನಿ ಕೆಲಸಕ್ಕೆ ಶಾಂಘೈಗೆ ಹೋಗಿಬರುವವರು ಈ ಮಾತನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಯಾವ ತಿಂಗಳು? ಇಲ್ಲಿನ ಶಾಲೆಗಳು ಜೂನ್ ಕೊನೆಗೆ ಮುಚ್ಚುತ್ತವೆ, ಸೆಪ್ಟೆಂಬರಿಗೆ ತೆರೆಯುತ್ತವೆ. ಮಕ್ಕಳಿರುವ ಮನೆಗಳವರು ಸಹಜವಾಗಿ ಜುಲೈ ಆಗಸ್ಟ್ ಎನ್ನುತ್ತಾರೆ. ಕೈಲಾಸದ ಕಡೆ ಆಗ ಮಳೆ ಅಷ್ಟಿಲ್ಲ, ಹಿಮಾಲಯದ ಮರೆಯಲ್ಲಿದೆ. ಆದರೆ ಅಲ್ಲಿಗೆ ಮುಟ್ಟಿಸುವ ನೇಪಾಳದ ದಾರಿಗಳ ಮೇಲೆ ಪೂರ್ತಿ ಮುಂಗಾರು ಬೀಳುತ್ತಿರುತ್ತದೆ. 2018ರ ಜುಲೈ ಮೊದಲ ವಾರ ಕನ್ನಡಿಗರು ಮರೆಯುವಂಥದ್ದಲ್ಲ: ಮೋಡ ಕವಿದು ವಿಮಾನ ಹೆಲಿಕಾಪ್ಟರ್ ನಿಂತು ಸಿಮಿಕೋಟ್, ಹಿಲ್ಸಾ ಮತ್ತು ಟಿಬೆಟ್ ಕಡೆಯಲ್ಲಿ ಸಾವಿರಕ್ಕೂ ಹೆಚ್ಚು ಯಾತ್ರಿಗಳು ಸಿಕ್ಕಿಬಿದ್ದರು. ಅವರಲ್ಲಿ ಕರ್ನಾಟಕದವರೇ ಇನ್ನೂರಕ್ಕೂ ಹೆಚ್ಚು. ಊರಿನಲ್ಲಿ ಮನೆಯವರು ಫೋನಿನ ಮುಂದೆ ಕೂತು ದಿನ ಕಳೆದರು. 2025ರ ಜುಲೈ 8ರಂದು ಟಿಬೆಟ್ ಕಡೆಯಿಂದ ನುಗ್ಗಿದ ಪ್ರವಾಹ ರಸುವಾಗಢಿಯ ಗಡಿ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಇನ್ನೂ ಹಿಂದೆ, 1998ರ ಆಗಸ್ಟ್‌ನಲ್ಲಿ ಲಿಪುಲೇಖ್ ದಾರಿಯ ಮಾಲ್ಪಾ ಹಳ್ಳಿಯ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತ ಸುಮಾರು 60 ಯಾತ್ರಿಗಳಲ್ಲಿ ಹೆಸರಘಟ್ಟದ ಬಳಿ ನೃತ್ಯಗ್ರಾಮ ಕಟ್ಟಿದ ಪ್ರೋತಿಮಾ ಬೇಡಿಯೂ ಇದ್ದರು. ಈ ಮೂರೂ ಮಳೆಗಾಲದ್ದೇ. ಮೇ ನಡುವಿನಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್, ಇವೆರಡೇ ನನಗೆ ಸರಿ ಕಾಣುವ ಕಾಲ. ಮಕ್ಕಳನ್ನು ಅಜ್ಜಿ ತಾತನ ಹತ್ತಿರವೋ ಅಕ್ಕಪಕ್ಕದ ಮನೆಯಲ್ಲೋ ಬಿಟ್ಟು ಹೋಗುವ ಏರ್ಪಾಡು ಮಾಡಿಕೊಳ್ಳುವುದು ಜುಲೈನಲ್ಲಿ ಹೊರಡುವುದಕ್ಕಿಂತ ಮೇಲು.

ತಯಾರಿಗೆ ಜಾಗ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ರೂಟ್ 80ರಲ್ಲಿ ಪಶ್ಚಿಮಕ್ಕೆ ಹೋದರೆ ಡೆಲವೇರ್ ವಾಟರ್ ಗ್ಯಾಪ್‌ನ ಮೌಂಟ್ ಟ್ಯಾಮನಿ ಇದೆ. ಕೆಂಪು ಚುಕ್ಕೆಯ ದಾರಿಯಲ್ಲಿ ಒಂದೂವರೆ ಮೈಲಿಯೊಳಗೆ ಸಾವಿರದ ಇನ್ನೂರು ಅಡಿ ಏರುತ್ತದೆ, ಕಲ್ಲು ಕಲ್ಲಿನ ದಾರಿ. ಮಂಡಿಗೂ ಬೂಟಿಗೂ ಒಳ್ಳೆಯ ಪರೀಕ್ಷೆ. ವಾರಕ್ಕೊಮ್ಮೆ ಇಡೀ ಗುಂಪು ಅಲ್ಲಿಗೆ ಹೋಗಲಿ. ಕಾಲು ಗಟ್ಟಿಯಾಗುವುದು ಒಂದು ಲಾಭ. ಯಾರು ನಿಧಾನ, ಯಾರು ಸುಸ್ತಾದರೂ ಹೇಳುವುದಿಲ್ಲ, ಯಾರು ಹಿಂದೆ ನೋಡದೆ ಮುಂದೆ ಹೋಗಿಬಿಡುತ್ತಾರೆ ಎಂದು ಗೊತ್ತಾಗುವುದು ಅದಕ್ಕಿಂತ ದೊಡ್ಡ ಲಾಭ. ಆದರೆ ಒಂದು ತಪ್ಪು ತಿಳಿವಳಿಕೆ ಬೇಡ: ದೇಹ ಗಟ್ಟಿಯಿದ್ದವರಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಎಂಬುದು ಸುಳ್ಳು. ಮ್ಯಾರಥಾನ್ ಓಡಿದವರೂ ಮಲಗುತ್ತಾರೆ, ಕೆಲವೊಮ್ಮೆ ಅವರೇ ಮೊದಲು, ಏಕೆಂದರೆ ಅವರು ವೇಗವಾಗಿ ಹತ್ತುತ್ತಾರೆ. ತನ್ನ ದೇಹ ಎತ್ತರದಲ್ಲಿ ಹೇಗೆ ವರ್ತಿಸುತ್ತದೆ ಎಂದು ನೋಡಬೇಕೆನ್ನುವವರು ಕೊಲರಾಡೋದ ಪೈಕ್ಸ್ ಪೀಕ್‌ಗೆ ಹೋಗಿಬರಬಹುದು. 4,302 ಮೀಟರ್ ತುದಿಯವರೆಗೂ ರಸ್ತೆಯಿದೆ, ರೈಲಿದೆ. ಅಲ್ಲಿ ಒಗ್ಗಿಕೊಂಡದ್ದು ಮನೆಗೆ ಬಂದು ಎರಡು ವಾರ ಕಳೆದರೆ ಉಳಿಯುವುದಿಲ್ಲ ಎಂಬುದು ನೆನಪಿರಲಿ.

ಔಷಧಿಯ ಮಾತು ನಿಮ್ಮ ವೈದ್ಯರದು. ಡಯಾಮಾಕ್ಸ್ ಮಾತ್ರೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದವರು, ಬಿಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲರೂ ಒಯ್ಯುತ್ತಾರೆ. ಸರೋವರದ ದಡದಲ್ಲಿ ಅದು 80ರ ಆಸುಪಾಸು ತೋರಿಸಿದರೆ ಅದೇ ಗಾಬರಿಯ ವಿಷಯವಲ್ಲ. 88 ತೋರಿಸಿದವರು ಕ್ಷೇಮ ಎಂದೂ ಅಲ್ಲ. ನಡೆಯುವಾಗ ಹೆಜ್ಜೆ ತಪ್ಪುತ್ತಿದೆಯೇ, ಕೂತಾಗಲೂ ಏದುಸಿರು ಇದೆಯೇ, ಕೆಮ್ಮಿನಲ್ಲಿ ಗೊರಗೊರ ಕೇಳುತ್ತದೆಯೇ, ಮಾತು ತೊದಲುತ್ತಿದೆಯೇ, ಇವನ್ನು ನೋಡಬೇಕು. ಮೆದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುವ ಲಕ್ಷಣ ಇವು. ಆಕ್ಸಿಜನ್ ಸಿಲಿಂಡರ್ ಕೊಟ್ಟರೂ ಕೂಡಲೇ ಕೆಳಗಿಳಿಸುವುದೇ ಚಿಕಿತ್ಸೆ. ನೇಪಾಳದ ಕಡೆ ಹೆಲಿಕಾಪ್ಟರ್ ಕರೆಸಿದ ಹಾಗೆ ಟಿಬೆಟ್ಟಿನಲ್ಲಿ ಕರೆಸಲಾಗುವುದಿಲ್ಲ, ಜೀಪಿನಲ್ಲೇ ಇಳಿಯಬೇಕು. ಇಲ್ಲಿನ ಮೆಡಿಕೇರ್ ವಿದೇಶದಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಕೊಳ್ಳುವಾಗ ಎಷ್ಟು ಎತ್ತರದವರೆಗೆ ಅನ್ವಯ ಎಂಬ ಸಾಲನ್ನು ಹುಡುಕಿ ಓದಿ. 4,500 ಮೀಟರಿಗೆ ನಿಲ್ಲುವ ಪಾಲಿಸಿ ಸರೋವರದ ದಡವನ್ನೂ ಮುಟ್ಟುವುದಿಲ್ಲ. ಇಲ್ಲಿ ಹೈಕಿಂಗ್ ಹೋಗುವವರ ಬ್ಯಾಗಿನಲ್ಲಿರುವ ಉಪಗ್ರಹ ಸಂದೇಶದ ಸಾಧನವನ್ನು ಮನೆಯಲ್ಲೇ ಬಿಡಿ. ಬೆಂಗಳೂರಿಗೋ ದೆಹಲಿಗೋ ಹೋಗಿ ಮುಂದೆ ಹೊರಡುವವರಾದರೆ, ಭಾರತದಲ್ಲಿ ಅದನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ.

ಈಗ ಡೇರಾಪುಕ್‌ನ ಸಂಜೆಗೆ ಬರೋಣ. ಪರಿಕ್ರಮದ ಮೊದಲ ದಿನ ದಾರ್ಚೆನ್‌ನಿಂದ ಯಮದ್ವಾರಕ್ಕೆ ವಾಹನ, ಅಲ್ಲಿಂದ ನಡಿಗೆ ಅಥವಾ ಕುದುರೆ. ಸಂಜೆಗೆ ಸುಮಾರು 5,000 ಮೀಟರಿನ ಡೇರಾಪುಕ್ ವಸತಿಗೃಹ. ಕಿಟಕಿಯಾಚೆ ಕೈಲಾಸದ ಉತ್ತರ ಮುಖ ನೇರ ಎದುರಿಗೆ, ಕಪ್ಪು ಬಂಡೆಯ ಮೇಲೆ ಹಿಮದ ಅಡ್ಡಪಟ್ಟಿಗಳು. ಒಳಗೆ ಒಂದು ಕೋಣೆಯಲ್ಲಿ ಐದು ಮಂಚ. ಒಬ್ಬರು ಬೂಟು ಬಿಚ್ಚಲು ಬಗ್ಗಿ, ಒಂದು ಲೇಸು ಬಿಚ್ಚಿ, ಉಸಿರಿಗಾಗಿ ನಿಂತು, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಾರೆ. ಮತ್ತೊಬ್ಬರು ಸೂಪಿನ ಲೋಟವನ್ನು ಮುಟ್ಟದೆ ಗೋಡೆಗೆ ಒರಗಿದ್ದಾರೆ, ಏನಾಯಿತು ಎಂದರೆ ‘ಏನಿಲ್ಲ, ಸ್ವಲ್ಪ ತಲೆನೋವು’ ಎನ್ನುತ್ತಾರೆ. ನಾಳೆ ಬೆಳಗಿನ ಜಾವ ಹೊರಟು 600 ಮೀಟರ್ ಏರಿ ಡೋಲ್ಮಾ ಲಾ ದಾಟಬೇಕು, ಆಚೆ ಗೌರೀಕುಂಡದ ಮಗ್ಗುಲಲ್ಲಿ ಕಡಿದಾಗಿ ಇಳಿಯಬೇಕು. ಆ ಇಳಿಜಾರಿನಲ್ಲಿ ಕುದುರೆಯ ಮೇಲಿದ್ದವರೂ ಇಳಿದು ನಡೆಯಲೇಬೇಕು. ಮುಂದಿನ ತಂಗುದಾಣ ಜುತುಲ್‌ಪುಕ್ ತಲುಪುವವರೆಗೆ ಇಪ್ಪತ್ತು ಕಿಲೋಮೀಟರ್ ಮೇಲೆ. ಕಣಿವೆ ದಾಟಿದ ಮೇಲೆ ಸುಸ್ತಾದರೆ ಹಿಂದಿರುಗುವ ದಾರಿ ಮುಂದಿನ ದಾರಿಗಿಂತ ಕಷ್ಟ.

‘ಇಷ್ಟು ದೂರ ಬಂದು ಬಿಡುವುದೇ’ ಎಂಬ ಮಾತು ಆ ಕೋಣೆಯಲ್ಲಿ ಹುಟ್ಟುತ್ತದೆ. ಬಹಳ ಅನಾಹುತಕ್ಕೆ ಅದೇ ಮಾತು ಕಾರಣ. ಜೀವಮಾನದ ಆಸೆ, ಇಷ್ಟು ದುಡ್ಡು, ಊರಿನಲ್ಲಿ ಎಲ್ಲರಿಗೂ ಹೇಳಿ ಬಂದಿದ್ದೇವೆ. ಆ ಎತ್ತರದಲ್ಲಿ ಮೆದುಳಿಗೂ ಆಮ್ಲಜನಕ ಕಡಿಮೆ. ಸರಿಯಾದ ತೀರ್ಮಾನ ಅಲ್ಲಿ ಹುಟ್ಟುವುದಿಲ್ಲ. ಅದಕ್ಕೇ ತೀರ್ಮಾನವನ್ನು ಪಾರ್ಸಿಪನಿಯ ಆ ಊಟದ ಮೇಜಿನಲ್ಲೇ ಮಾಡಿ, ಬರೆದಿಟ್ಟುಕೊಂಡು, ಎಲ್ಲರೂ ರುಜು ಹಾಕಿ. ಯಾವ ಲಕ್ಷಣ ಕಂಡರೆ ಇಳಿಯುವುದು, ಆ ಮಾತು ಹೇಳುವ ಅಧಿಕಾರ ಯಾರದು, ಇಳಿಯುವವರ ಜೊತೆ ಯಾರು ಹೋಗುವುದು. ಗಂಡನಿಗೆ ಆಗದಿದ್ದರೆ ಹೆಂಡತಿಯೂ ಇಳಿಯಬೇಕೇ, ಅಥವಾ ಆಕೆ ಮುಂದೆ ಹೋಗಿ ಗೆಳೆಯನೊಬ್ಬ ಆತನ ಜೊತೆ ಇಳಿಯುವುದೇ? ಈ ಪ್ರಶ್ನೆಗೆ ಕೆಲವು ಮನೆಗಳಲ್ಲಿ ಜಗಳವೇ ಆಗುತ್ತದೆ. ಆಗಲಿ, ಆ ಜಗಳ ಇಲ್ಲಿಯೇ ಮುಗಿಯಲಿ. ಚಿಕ್ಕ ಗುಂಪಿನ ದೊಡ್ಡ ಅನುಕೂಲ ಇದೇ. ನಲವತ್ತು ಜನರ ಬಸ್ಸಿನಲ್ಲಿ ಒಬ್ಬರಿಗಾಗಿ ಒಂದು ದಿನ ನಿಲ್ಲುವಂತಿಲ್ಲ. ಎಂಟು ಜನರಲ್ಲಿ ನಿಲ್ಲಬಹುದು, ಕ್ಯಾಲೆಂಡರಿನಲ್ಲಿ ಆ ಒಂದು ದಿನ ಇದ್ದರೆ.

ಸರೋವರದ ದರ್ಶನ ಮಾಡಿ, ಯಮದ್ವಾರದವರೆಗೆ ಹೋಗಿ, ಅಲ್ಲಿಂದಲೇ ಕೈಮುಗಿದು ದಾರ್ಚೆನ್‌ಗೆ ಮರಳುವ ಯಾತ್ರಿಗಳು ಬಹಳ ಜನ ಇದ್ದಾರೆ. ಎಪ್ಪತ್ತರ ಹತ್ತಿರದವರಿಗೆ ಅದನ್ನೇ ಪೂರ್ಣ ಯಾತ್ರೆ ಎಂದು ಮೊದಲೇ ಒಪ್ಪಿಸಿ. ಅರ್ಧಕ್ಕೆ ಬಿಟ್ಟೆವೆಂಬ ಕೊರಗು ಅವರಿಗೆ ಬೇಡ.

ಊಟದ ಬಗ್ಗೆ ಎರಡು ಮಾತು. ಸರೋವರದ ದಡದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ, ಬೇಳೆಯಂತೂ ಇಲ್ಲವೇ ಇಲ್ಲ. ನೇಪಾಳದ ಅಡುಗೆಯವರು ಕುಕ್ಕರ್ ಹೊತ್ತುಕೊಂಡೇ ಬರುತ್ತಾರೆ. ಆದರೂ ಹಸಿವೇ ಇಲ್ಲದ ಹೊತ್ತಿಗೆ ನಾಲಿಗೆಗೆ ಗೊತ್ತಿರುವ ರುಚಿ ಬೇಕು. ಅವಲಕ್ಕಿ, ಚಟ್ನಿಪುಡಿ, ನಿಂಬೆಕಾಯಿ ಉಪ್ಪಿನಕಾಯಿ ರೂಟ್ 46ರ ಅಂಗಡಿಯಲ್ಲೇ ಸಿಗುತ್ತವೆ. ಟಿಬೆಟ್ಟಿನವರು ದಿನವೂ ತಿನ್ನುವ ಸಂಪಾ ನಮ್ಮ ರಾಗಿ ಹುರಿಹಿಟ್ಟಿನಂಥದ್ದೇ, ಬಾರ್ಲಿಯದು. ಬಿಸಿ ಚಹಾದಲ್ಲಿ ಕಲಸಿ ಕೊಟ್ಟರೆ ಬೇಡ ಎನ್ನಬೇಡಿ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಸರೋವರದಲ್ಲಿ ಇಳಿದು ಮುಳುಗಲು ಈಚಿನ ವರ್ಷಗಳಲ್ಲಿ ಬಿಡುತ್ತಿಲ್ಲ. ಬಕೆಟ್ಟಿನಲ್ಲಿ ನೀರು ತಂದು ದಡದಿಂದ ದೂರ ಸ್ನಾನ ಮಾಡಬೇಕು. ಆ ಚಳಿಯಲ್ಲಿ ವಯಸ್ಸಾದವರು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು.

ಹೋಗುವ ಮೊದಲು ಒಂದು ಶನಿವಾರ ಇಡೀ ಗುಂಪು ನ್ಯೂವಾರ್ಕ್ ಮ್ಯೂಸಿಯಂಗೆ ಹೋಗಿಬರಲಿ ಎಂಬುದು ನನ್ನ ಆಸೆ. 1911ರಿಂದ ಕೂಡಿಸುತ್ತ ಬಂದ ಅಲ್ಲಿನ ಟಿಬೆಟ್ ಸಂಗ್ರಹ ಅಮೆರಿಕದ ದೊಡ್ಡ ಸಂಗ್ರಹಗಳಲ್ಲೊಂದು. ಅಲ್ಲಿನ ಬೌದ್ಧ ಪೂಜಾಪೀಠವನ್ನು 1990ರಲ್ಲಿ ದಲಾಯಿ ಲಾಮಾ ಅವರೇ ಬಂದು ಪವಿತ್ರೀಕರಿಸಿದರು. ಕೈಲಾಸ ನಮಗೆ ಶಿವನ ಮನೆ. ಬೌದ್ಧರಿಗೆ, ಬೋನ್ ಧರ್ಮದವರಿಗೆ, ಜೈನರಿಗೂ ಅದು ಅಷ್ಟೇ ಪವಿತ್ರ. ಬೋನ್ ಧರ್ಮದವರು ಎಡಕ್ಕೆ ಸುತ್ತುತ್ತಾರೆ. ದಾರಿಯಲ್ಲಿ ಎದುರು ಬಂದರೆ ದಾರಿ ಬಿಡಿ. ಮೈ ನೆಲಕ್ಕೆ ಚಾಚಿ ದೀರ್ಘದಂಡ ಹಾಕುತ್ತ 52 ಕಿಲೋಮೀಟರ್ ಸುತ್ತುವವರಿದ್ದಾರೆ. ಅವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ನ್ಯೂಯಾರ್ಕ್‌ನ ಜಾಕ್ಸನ್ ಹೈಟ್ಸ್‌ನಲ್ಲಿ ಮೊಮೊ ಮಾರುವ ಅಂಗಡಿಗಳಲ್ಲಿ ಕಿವಿಗೊಟ್ಟರೆ ಕನ್ನಡ ಕೇಳುವುದುಂಟು. ಬೈಲಕುಪ್ಪೆ, ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಶಿಬಿರಗಳಲ್ಲಿ ಹುಟ್ಟಿ ಬೆಳೆದ ಟಿಬೆಟ್ಟಿನವರು ಅವರು. 1960ರ ಹೊತ್ತಿಗೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಕೊಟ್ಟ ಕಾಡು ಕಡಿದು ಹೊಲ ಮಾಡಿದವರ ಮಕ್ಕಳು, ಮೊಮ್ಮಕ್ಕಳು. ನಮಗೆ ಸಿಗುವ ಪರ್ಮಿಟ್ ಅವರಲ್ಲಿ ಬಹುಪಾಲು ಜನರಿಗೆ ಸಿಗುವುದಿಲ್ಲ. ಅವರ ಅಜ್ಜ ಅಜ್ಜಿಯ ನಾಡಿಗೆ ಹೋಗುತ್ತಿದ್ದೇವೆ ಎಂಬ ಎಚ್ಚರ ನಮಗಿರಬೇಕು. ಅಲ್ಲಿ ಗೈಡ್ ಜೊತೆ ರಾಜಕೀಯ ಮಾತನಾಡಬೇಡಿ, ದಲಾಯಿ ಲಾಮಾ ಅವರ ಚಿತ್ರವಿರುವ ಪುಸ್ತಕವನ್ನಾಗಲಿ ಫೋನಿನ ಫೋಟೋವನ್ನಾಗಲಿ ಒಯ್ಯಬೇಡಿ. ನಮಗೆ ಹೆಚ್ಚೆಂದರೆ ಯಾತ್ರೆ ತಪ್ಪೀತು. ಆ ಗೈಡ್‌ಗೆ ಅನ್ನದ ದಾರಿಯೇ ತಪ್ಪುತ್ತದೆ.

ಹಾಗಾದರೆ ಒಟ್ಟು ಎಷ್ಟು ದಿನ? ನೇಪಾಳದ ರಸ್ತೆ ದಾರಿಗೆ ನಾನು ಹಾಕುವ ಲೆಕ್ಕ ಹೀಗಿದೆ: ವಿಮಾನಕ್ಕೆ ಹೋಗಿ ಬರಲು ನಾಲ್ಕು, ಕಠ್ಮಂಡುವಿನಲ್ಲಿ ವೀಸಾಕ್ಕೆ ನಾಲ್ಕು, ಕ್ಯಿರೋಂಗ್, ಸಾಗಾ, ಸರೋವರ ತಲಾ ಎರಡು, ಪರಿಕ್ರಮಕ್ಕೆ ಮೂರು, ಮರಳಲು ಮೂರು, ಕೈಯಲ್ಲಿ ಉಳಿಸಿಕೊಳ್ಳಲು ಎರಡು. 22 ದಿನವಾಯಿತು. ಮೂರು ವಾರದ ರಜೆಗೆ ಹಿಂದುಮುಂದಿನ ಶನಿವಾರ ಭಾನುವಾರ ಸೇರಿದರೆ 23 ದಿನ, ಅದರೊಳಗೆ ಮುಗಿಯುತ್ತದೆ. ಮೂರು ವಾರ ಸಿಗದಿದ್ದರೆ ಆ ವರ್ಷ ನೇಪಾಳದ ಮುಕ್ತಿನಾಥಕ್ಕೆ ಹೋಗಿಬನ್ನಿ, ಅದು 3,700 ಮೀಟರ್. ಕೈಲಾಸವನ್ನು ಮರುವರ್ಷಕ್ಕೆ ಇಟ್ಟುಕೊಳ್ಳಿ.

ಸೆಪ್ಟೆಂಬರಿಗೆ ಹೊರಡುವ ಗುಂಪಾದರೆ ಫೆಬ್ರವರಿಯಲ್ಲೇ ಪಾಸ್‌ಪೋರ್ಟುಗಳ ಅವಧಿ ನೋಡಿ. ಪ್ರಯಾಣದ ದಿನದಿಂದ ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು. ಮಾರ್ಚ್‌ನಲ್ಲಿ ಸಾಮಾನ್ಯವಾಗಿ ಟಿಬೆಟ್ ವಿದೇಶೀಯರಿಗೆ ಮುಚ್ಚಿರುತ್ತದೆ. ಏಪ್ರಿಲ್‌ನಲ್ಲಿ ತೆರೆದ ಮೇಲೆ ಆ ವರ್ಷದ ನಿಯಮ ಸ್ಪಷ್ಟವಾಗುತ್ತದೆ. ಏಜೆನ್ಸಿಗೆ ಮುಂಗಡ ಕೊಡುವುದು ಆಗಲೇ. ವೈದ್ಯರ ಹತ್ತಿರ ಹೃದಯ, ಬಿಪಿ, ಸಕ್ಕರೆ ತಪಾಸಣೆ ಮೇ ತಿಂಗಳಲ್ಲಿ ಮುಗಿಯಲಿ; ಏನಾದರೂ ಸಿಕ್ಕರೆ ಸರಿಪಡಿಸಿಕೊಳ್ಳಲು ಬೇಸಿಗೆ ಪೂರ್ತಿ ಇರುತ್ತದೆ. ವಿಮಾನದ ಟಿಕೆಟ್ ಕೊನೆಗೆ, ಮತ್ತು ಕಠ್ಮಂಡುವಿನಿಂದ ಮರಳುವ ದಿನಾಂಕ ಬದಲಿಸಲು ಬರುವಂಥದ್ದನ್ನೇ ಕೊಳ್ಳಿ.